ಷಡ್ಜದಲ್ಲಿ ಸತ್ತ ನಕ್ಷತ್ರಗಳು

ದೊಡ್ಡ ನಕ್ಷತ್ರವೊಂದು ಸಾಯುವಾಗ ತನ್ನ ಇಡೀ ಊರಿಗಿಂತ ಹೆಚ್ಚು ಬೆಳಗುತ್ತದೆ. ಕೋಟಿ ಕೋಟಿ ನಕ್ಷತ್ರಗಳು ಕೂಡಿ ಕಟ್ಟಿಕೊಂಡ ಗೆಲಾಕ್ಸಿಯೆಂಬ ಊರಿನಲ್ಲಿ ಒಂದು ದೀಪ ಆರುವ ಮುನ್ನ ಉಳಿದೆಲ್ಲ ದೀಪಗಳನ್ನು ಮಂಕುಮಾಡಿ ಕೆಲವು ವಾರ ಉರಿಯುತ್ತದೆ, ಆಮೇಲೆ ಶಾಂತವಾಗುತ್ತದೆ. ತಿಳಿದವರು ಅದಕ್ಕೆ ಸೂಪರ್‌ನೋವಾ ಎಂದರು. ಹಾಗೆ ಇಟ್ಟವನು ಪರಮಾತ್ಮ. ಯಾಕೆ ಹಾಗಿಟ್ಟ ಎಂದು ಕೇಳುವ ಅಧಿಕಾರ ನಮಗಿಲ್ಲದಿದ್ದರೂ, ಎಷ್ಟು ಹೊತ್ತಿಗೊಮ್ಮೆ ಹಾಗಾಗುತ್ತದೆ ಎಂದು ಎಣಿಸುವ ಬುದ್ಧಿಯನ್ನು ಅವನೇ ಕೊಟ್ಟಿದ್ದಾನೆ. ಈ ಕಥೆ ಆ ಎಣಿಕೆಯದು.

ಕಪ್ಪತಗುಡ್ಡದ ಬುಡದಲ್ಲಿ, ಗಾಳಿಯಂತ್ರಗಳ ನೆರಳು ಸುತ್ತುವ ಬಯಲಿನಲ್ಲಿ, ಒಂದು ಉದ್ದನೆಯ ಕಲ್ಲಿನ ಕಟ್ಟಡವಿತ್ತು. ಊರವರು ಅದನ್ನು ಶ್ರವಣಶಾಲೆ ಎನ್ನುತ್ತಿದ್ದರು. ಚಂದ್ರನ ಹಿಂಬದಿಯಲ್ಲಿ ನೆಟ್ಟ ದೂರದರ್ಶಕವು ದೂರ ದೂರದ ಗೆಲಾಕ್ಸಿಗಳ ಬೆಳಕನ್ನು ಹಿಡಿದು ಇಲ್ಲಿಗೆ ಕಳಿಸುತ್ತಿತ್ತು. ಮೊದಮೊದಲು ಆ ಚಿತ್ರಗಳನ್ನು ಯಂತ್ರಗಳು ನೋಡುತ್ತಿದ್ದವು. ಗೆಲಾಕ್ಸಿಯ ಅಂಚಿನಲ್ಲಿ ಹೊಸ ದೀಪ ಹೊತ್ತಿದರೆ ಯಂತ್ರಕ್ಕೆ ಕಾಣುತ್ತಿತ್ತು. ನಟ್ಟನಡುವೆ, ಬೆಳಕು ಕಿಕ್ಕಿರಿದಲ್ಲಿ ಹೊತ್ತಿದರೆ ಅದರ ಕಣ್ಣು ಕೋರೈಸುತ್ತಿತ್ತು. ಎರಡು ಬೆಳಕು ಒಂದೆಡೆ ಸೇರಿದರೆ ಕಣ್ಣಿಗೆ ಒಂದೇ. ಕಿವಿ ಹಾಗಲ್ಲ. ಹಾರ್ಮೋನಿಯಂ ಎಷ್ಟೇ ಜೋರಾಗಿ ನುಡಿಯುತ್ತಿರಲಿ, ಹಿಂದಿನ ಸಾಲಿನಲ್ಲಿ ಕೂತವನ ಸಣ್ಣ ಅಪಸ್ವರವನ್ನು ಗುರು ಹಿಡಿದೇ ಹಿಡಿಯುತ್ತಾನೆ. ಹಾಗಾದರೆ ಬೆಳಕನ್ನು ದನಿಯಾಗಿ ತಿರುಗಿಸಿದರೆ ಹೇಗೆ? ಯಾರೋ ಒಬ್ಬರಿಗೆ ಹೊಳೆದ ಈ ಪ್ರಶ್ನೆಯಿಂದ, ಬೆಳಕು ಬಿದ್ದರೆ ನುಡಿಯುವ ಚಂದ್ರನ ಮೇಲಿನ ಸ್ಫಟಿಕಗಳು ಹುಟ್ಟಿದವು. ಒಂದೊಂದು ಗೆಲಾಕ್ಸಿಯೂ ಅವುಗಳಲ್ಲಿ ಹಾದು, ಹಲವು ಸ್ವರ ಒಟ್ಟಿಗೆ ನಿಂತ ಒಂದೊಂದು ಮೇಳವಾಗಿ ಕೇಳಿಸತೊಡಗಿತು. ಅದರೊಳಗೆ ನಕ್ಷತ್ರವೊಂದು ಸತ್ತರೆ, ಇದ್ದ ಮೇಳದಲ್ಲಿ ಇಲ್ಲದ ಹೊಸ ಸ್ವರವೊಂದು ಏಳುತ್ತಿತ್ತು. ದೂರ ಹೆಚ್ಚಿದಷ್ಟೂ ಸ್ವರ ಇಳಿಯುತ್ತಿತ್ತು, ಏಕೆಂದರೆ ಆಕಾಶ ಹಿಗ್ಗಿದಂತೆ ಅದರಲ್ಲಿ ಹಾದು ಬರುವ ಬೆಳಕೂ ಹಿಗ್ಗುತ್ತದೆ. ಸ್ವರ ಕೇಳಿದರೆ ಸಾಕು, ಎಷ್ಟು ದೂರದ ಸಾವು, ಎಷ್ಟು ಹಿಂದಿನ ಸಾವು ಎಂದು ತಿಳಿಯುತ್ತಿತ್ತು.

ಕೇಳಲು ಬಂದವರು ಪಕ್ಕದ ಆಶ್ರಮದ ಅಂಧ ಗಾಯಕರು. ಎಳವೆಯಲ್ಲೇ ಆಶ್ರಮಕ್ಕೆ ಬಂದು, ಹಾಡನ್ನೇ ಊರುಗೋಲು ಮಾಡಿಕೊಂಡು ಬೆಳೆದವರು. ಅವರು ಬರುವಾಗ ತಂಬೂರಿಯನ್ನೂ ಜೊತೆಗೆ ತಂದರು. ಶ್ರುತಿಯಿಲ್ಲದೆ ಸ್ವರ ಕೇಳುವುದೆಂದರೆ ಅವರಿಗೆ ನೆಲವಿಲ್ಲದೆಡೆ ಕೂತಂತೆ. ಆಶ್ರಮದ ಹಿರಿಯರಾದ ಚನ್ನಬಸಯ್ಯಜ್ಜ ಶಾಲೆಯ ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ದಿನವಿಡೀ ತಂಬೂರಿ ಮೀಟುತ್ತಿದ್ದರು. ಅದು ಅವರ ಸೇವೆ. ಅವರ ಗುರುಗಳು ಕೂಡಿಸಿಟ್ಟ ಆ ಶ್ರುತಿಯನ್ನು ಗುರುಗಳು ಲಿಂಗೈಕ್ಯರಾದಂದಿನಿಂದ ಯಾರೂ ಕೂದಲೆಳೆಯಷ್ಟೂ ಬದಲಿಸಿರಲಿಲ್ಲ. ಕೇಳುವವರು ತಲೆಗೆ ಒಂದು ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ನಕ್ಷತ್ರಗಳ ದನಿ ಎಲುಬಿನೊಳಗಿಂದ ಬರುತ್ತಿತ್ತು, ಕಿವಿ ತಂಬೂರಿಗೆ ತೆರೆದಿರುತ್ತಿತ್ತು. ಹೊಸ ಸ್ವರ ಕೇಳಿದೊಡನೆ ತಮ್ಮೆದುರಿನ ಗುಂಡಿ ಒತ್ತಿ “ಶರಣು” ಎನ್ನುತ್ತಿದ್ದರು. ಹಾಗೆನ್ನಿರೆಂದು ಯಾರೂ ಹೇಳಿರಲಿಲ್ಲ. ಸಾವಿನ ಸುದ್ದಿ ಕೇಳಿ ಸುಮ್ಮನಿರಲು ಅವರಿಗೆ ಬಾರದು, ಅಷ್ಟೆ.

ಅವರ ಮುಖ್ಯಸ್ಥೆ ಹುಲಿಗೆವ್ವ. ನಡುವಯಸ್ಸಿನ, ತುಂಬು ದನಿಯ, ಬಾಯಿ ಬಿಟ್ಟರೆ ನಗೆಯಾಡುವ ಹೆಂಗಸು. ಬಂದ ಎಣಿಕೆಯನ್ನು ಲೆಕ್ಕಕ್ಕೆ ತರುತ್ತಿದ್ದವರು ಹುಬ್ಬಳ್ಳಿಯ ಡಾಕ್ಟರ್ ಮೆಹರುನ್ನಿಸಾ.

ಒಂದು ಮಧ್ಯಾಹ್ನ ಮೆಹರುನ್ನಿಸಾ ಹುಲಿಗೆವ್ವನನ್ನು ತಮ್ಮ ಖೋಲಿಗೆ ಕರೆದರು.

“ಬಾಗಲಾ ಹಾಕಿ ಬಾರವ್ವಾ.”

“ಯಾಕ್ರೀ ಡಾಕ್ಟರಬಾಯಿ, ಬೈಯೂದೈತೇನು?”

“ಬೈಯೂದಾಗಿದ್ರ ಬಾಗಲಾ ತಗದ ಬೈತಿದ್ದೆ. ಕುಂದ್ರು.”

ಹುಲಿಗೆವ್ವ ಕುರ್ಚಿ ತಡವಿ ಕೂತಳು. ಮೆಹರುನ್ನಿಸಾ ನಿಧಾನವಾಗಿ ಹೇಳಿದರು. ದೂರ ಹೋದಂತೆ ಸಾವಿನ ಸಂಖ್ಯೆ ಏರುತ್ತ ಹೋಗುತ್ತದೆ. ಒಂದು ದೂರಕ್ಕೆ ಬಂದೊಡನೆ ಹಠಾತ್ತನೆ ಇಲ್ಲವಾಗುತ್ತದೆ. ಅದನ್ನು ದಾಟಿದರೆ ಮತ್ತೆ ಏರು.

“ಗೊತ್ತೈತಲ್ರಿ. ಸಾವಿಲ್ಲದ ಕಾಲ ಅಂತ ಹೊರದೇಶದವ್ರು ಹೆಸರೂ ಇಟ್ಟಾರ. ಮೊನ್ನಿ ನಮ್ಮೂರ ಪುರಾಣದಾಗ ಸ್ವಾಮಿಗೋಳು ಅದs ಕೃತಯುಗ ಅಂತ ಹೇಳಿದ್ರು. ಜನಾ ಚಪ್ಪಾಳಿ ಹೊಡದ್ರು.”

“ಚಪ್ಪಾಳಿ ವಾಪಸ್ ತಗೋಬೇಕಾಗತೈತಿ. ನಾ ಆ ಜಾಗದಾಗ ನಾಟಿ ಮಾಡಿ ನೋಡೇನಿ.”

ಹುಲಿಗೆವ್ವನ ನಗೆ ನಿಂತಿತು. ನಾಟಿಯೆಂದರೆ ಹುಸಿ ಸಾವು. ನಿಜವಾದ ದನಿಗಳ ನಡುವೆ, ಕೇಳುವವರಿಗೆ ತಿಳಿಯದಂತೆ, ಯಂತ್ರದಲ್ಲಿ ತಯಾರಿಸಿದ ಸ್ವರಗಳನ್ನು ಸೇರಿಸುವುದು ಈ ಕೆಲಸದ ಪದ್ಧತಿ. ಹತ್ತು ನೆಟ್ಟು ಎಂಟಕ್ಕೆ ಶರಣು ಬಂದರೆ, ಆಕಾಶದಿಂದ ಕೇಳಿದ ಪ್ರತಿ ಎಂಟನ್ನೂ ಹತ್ತೆಂದು ಹಿಡಿಯಬೇಕು. ಕೇಳದೆ ಬಿಟ್ಟದ್ದೆಷ್ಟು ಎಂದು ತಿಳಿಯದವನು ಇದ್ದದ್ದೆಷ್ಟು ಎಂದು ಹೇಗೆ ಹೇಳಿಯಾನು?

“ಎಷ್ಟು ನೆಟ್ರಿ?”

“ಮ್ಯಾಲಿಂದ ಮ್ಯಾಲೆ ನೆಟ್ಟೆ. ಒಬ್ರೂ ಶರಣು ಅನ್ನಲಿಲ್ಲ.”

“ಒಬ್ರೂ?”

“ನೀನೂ.”

ಹುಲಿಗೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಹಾಗಾದರೆ ಸಾವಿಲ್ಲದ ಕಾಲ ಆಕಾಶದಲ್ಲಿರಲಿಲ್ಲ. ತಮ್ಮ ಕಿವಿಯಲ್ಲಿತ್ತು.

“ಶಾಲಿ ನಡಸೂ ಮಂಡಳಿಗೂ ತಿಳಿಸೇನಿ, ಮುಚ್ಚಿಡಾಕ ಬರೂದಿಲ್ಲ,” ಮೆಹರುನ್ನಿಸಾ ಅಂದರು. “ಚಂದ್ರನ ಹಿಂಬದಿ ಮುಂದಿನ ಸಲ ಕತ್ತಲಾಗಿ ದೂರದರ್ಶಕ ತೆರದಾಗ ಮಂಡಳಿಯ ಕಟ್ಟಿಯವ್ರು ತಾವs ನಾಟಿ ತಗೊಂಡು ಬರ್ತಾರ. ಆ ದೂರದ್ದು ಅವಾಗೂ ಕೇಳಸಲಿಲ್ಲಂದ್ರ ಶಾಲಿ ಮುಚ್ಚಿ ಎಲ್ಲಾ ಯಂತ್ರಕ್ಕ ಕೊಡೂದು ಅಂತ ಠರಾವ್ ಆಗೇತಿ.”

ಹುಲಿಗೆವ್ವನಿಗೆ ಸಂಬಳದ ಚಿಂತೆ ಆಮೇಲೆ ಬಂತು. ಮೊದಲು ಬಂದದ್ದು ಬೇರೆ. ಅವಳ ಜನ ಮದುವೆಗಳಲ್ಲಿ ಹಾಡಿದ್ದರು, ರೈಲಿನಲ್ಲಿ ಹಾಡಿದ್ದರು, ಜಯಂತಿಗಳಲ್ಲಿ ಹಾಡಿ ಶಾಲು ಹೊದ್ದಿದ್ದರು. ಪಾಪ ಎಂದವರುಂಟು, ವಾಹ್ ಎಂದವರುಂಟು. ಆದರೆ “ನಿಮಗೇನು ಕೇಳಿತು?” ಎಂದು ವಿಚಾರಿಸಿ, ಅವರು ಹೇಳಿದ್ದನ್ನು ಜಗತ್ತಿನ ಸತ್ಯವೆಂದು ಸ್ವೀಕರಿಸಿದ್ದು ಈ ಶಾಲೆಯಲ್ಲಿ ಮಾತ್ರ. ಆ ಕಿವಿಯನ್ನೇ ಸುಳ್ಳೆಂದರೆ ಉಳಿಯುವುದೇನು?

“ಗೀಟು ಗೆರಿ ನನಗ ತಿಳಿಯೂದಿಲ್ಲ,” ಎಂದಳು. “ಆ ಜಾಗದ ದನಿ ಒಮ್ಮೆ ನುಡಸ್ರಿ.”

ಮೆಹರುನ್ನಿಸಾ ಯಂತ್ರದ ಗುಂಡಿಯೊತ್ತಿದರು. ಒಂದೇ ಸ್ವರ ಖೋಲಿಯಲ್ಲಿ ನಿಂತಿತು.

“ಬ್ಯಾರೆ ಎಲ್ಲೂ ಕಡಿಮಿ ಬಿದ್ದಿಲ್ಲ?”

“ಇನ್ನೊಂದು ಕಡೆ ಸಣ್ಣ ತಗ್ಗೈತಿ. ಅದನ್ನ ನಾ ಅಷ್ಟು ಮನಸಿಗೆ ಹಚ್ಚಿಕೊಂಡಿಲ್ಲ.”

“ಅದನ್ನೂ ನುಡಸ್ರಿ.”

ಎರಡನೆಯ ಸ್ವರವೂ ಎದ್ದಿತು. ಹುಲಿಗೆವ್ವ ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು. ಗೋಡೆಯಾಚೆ ಅಜ್ಜ ಮೀಟುತ್ತಿದ್ದ ತಂಬೂರಿ ಸಣ್ಣಗೆ ಕೇಳುತ್ತಿತ್ತು. ಪಂಚಮ, ಷಡ್ಜ, ಷಡ್ಜ, ಮತ್ತೆ ಷಡ್ಜ. ಯಂತ್ರದ ಮೊದಲ ಸ್ವರ ಆ ಷಡ್ಜದೊಳಗೆ, ಎರಡನೆಯದು ಪಂಚಮದೊಳಗೆ ಹೋಗಿ ಬೆರೆತು ಗುರುತಿಲ್ಲದಂತಾದವು.

“ಯಾ ಅಲ್ಲಾ,” ಎಂದರು ಮೆಹರುನ್ನಿಸಾ.

“ಶಿವಶಿವಾ,” ಎಂದಳು ಹುಲಿಗೆವ್ವ. “ನಮ್ಮ ತಂಬೂರಿಲೇ ನಾವs ಅದನ್ನ ಮುಚ್ಚಿಕೊಂಡು ಕುಂತೇವ್ರಿ.”

ಅಜ್ಜನಿಗೆ ಹೇಳುವುದು ಕಷ್ಟವಾಗಲಿಲ್ಲ. ಅವರು ಪೂರ್ತಿ ಕೇಳಿ, ತಂಬೂರಿಯನ್ನು ಮಗುವಿನಂತೆ ಮಲಗಿಸಿ, ಮೇಲೆ ಶಾಲು ಹೊದಿಸಿದರು. “ಮಲಗಲಿ ಬಿಡು. ದಣದಿರಬೇಕು ಅದೂ,” ಎಂದು ಗೋಡೆಗೊರಗಿ ಕೂತರು. ಎಷ್ಟೋ ವರ್ಷಗಳ ಮೇಲೆ ಅವರ ಬೆರಳುಗಳಿಗೆ ಕೆಲಸವಿರಲಿಲ್ಲ. ಮಂಡಿಯ ಮೇಲೆ ಅವು ತಾವೇ ಆಡುತ್ತಿದ್ದವು.

ಮೆಹರುನ್ನಿಸಾ ಹೊಸದಾಗಿ ನಾಟಿ ಮಾಡಿದರು. ಶಾಲೆ ನಿಶ್ಶಬ್ದವಾಗಿತ್ತು. ಹೊತ್ತು ಇಳಿಯಿತು. ಲೆಕ್ಕ ಬಿಚ್ಚಿ ನೋಡಿದರೆ, ಆ ದೂರದಲ್ಲಿ ಒಂದೂ ಶರಣಿಲ್ಲ. ಸಾಲದ್ದಕ್ಕೆ ಬೇರೆ ಕಡೆಗಳಲ್ಲಿ ಮುಂಚೆ ಕೇಳುತ್ತಿದ್ದವೂ ಅರ್ಧಕ್ಕಿಳಿದಿದ್ದವು.

“ನೆಲಾ ಕಿತ್ತಂಗಾಗೇತ್ರಿ ಅಕ್ಕಾರ,” ಎಂದ ಒಬ್ಬ ಕೇಳುಗ. “ಯಾವುದು ಏರು, ಯಾವುದು ಇಳಿ, ಒಂದೂ ತಿಳಿವಲ್ದು.”

“ನಕ್ಷತ್ರದ ದನೀನ ನೀವs ಒಂದೀಟು ಏರಿಸಿ ಕೇಳಸಾಕ ಬರೂದಿಲ್ಲೇನ್ರಿ?” ಹುಲಿಗೆವ್ವ ಮೆಹರುನ್ನಿಸಾರನ್ನು ಕೇಳಿದಳು.

“ಮಾಡಿ ನೋಡೇನವ್ವಾ. ಯಂತ್ರದಾಗ ಏರಿಸಿದ್ರ ಸಣ್ಣ ಸ್ವರ ದೊಡ್ಡದರಾಗ ಕಲಸಿ ಹೋಗತೈತಿ. ಚಂದ್ರನ ಮ್ಯಾಲಿನ ಸ್ಫಟಿಕ ಹ್ಯಾಂಗ ನುಡದಿರತೈತೋ ಹಂಗs ಕೇಳಬೇಕು. ತಂಬೂರಿಗಿದ್ದಂಗ ಅದಕ್ಕ ಇಲ್ಲಿಂದ ತಿರುವಾಕ ಬಿರಡಿ ಇಲ್ಲ.”

ಹುಲಿಗೆವ್ವ ಅಂದು ಸಂಜೆ ಮನೆಗೆ ಬಂದಳು. ಮನೆಯೆಂದರೆ ಹಿಟ್ಟಿನ ಗಿರಣಿಯ ಹಿಂಭಾಗ. ಗಂಡ ಅಂದಾನಪ್ಪ ಗಿರಣಿ ನಡೆಸುತ್ತಿದ್ದ. ಇಳಕಲ್ಲಿನಿಂದ ಅವನ ಅಕ್ಕ ಬಸಲಿಂಗವ್ವ ಬಂದಿದ್ದಳು. ಕರೆಂಟು ಹೋಗಿ ಗಿರಣಿ ನಿಂತಿತ್ತು. ಅಕ್ಕ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಅಂದಾನಪ್ಪ ಅವಳ ಪಕ್ಕದಲ್ಲೇ ನಿಂತು, ಹೊಲದಾಚೆ ಇರುವವನನ್ನು ಕೂಗಿದಂತೆ ಮಾತಾಡುತ್ತಿದ್ದ.

“ಅಕ್ಕಾ! ಚಾ ಕುಡೀತೀಯೇನು!”

“ಅಯ್ಯ ನಿನ್ನ! ಕಿವಿ ಹರೀತಿ. ಗಿರಣಿ ನಿಂತೈತಲ್ಲೋ, ಮೆಲ್ಲಕ ಮಾತಾಡು.”

“ನಾ ಮೆಲ್ಲಕs ಮಾತಾಡಾಕತ್ತೇನಲ್ಲ!”

“ಹುಲಿಗೀ, ನಿನ್ನ ಗಂಡಗ ಏನಾಗೇತಿ ನೋಡವಾ. ಸಪ್ಪಳ ಇಲ್ಲದಾಗೂ ಸಪ್ಪಳದಾಗs ನಿಂತಾನ.”

ಹುಲಿಗೆವ್ವ ಚಪ್ಪಲಿ ಬಿಡುತ್ತಿದ್ದವಳು ಅಲ್ಲೇ ನಿಂತಳು.

“ಏನಂದ್ರಿ ಅಕ್ಕಾರ?”

“ಏನಂದೆ? ಅವನ ತಲಿಯಾಗ ಗಿರಣಿ ತಿರಗಾಕತ್ತೈತಿ ಅಂದೆ. ನಿನ್ನಿ ಇಡೀ ದಿನ ಇದರ ಗದ್ದಲಕ್ಕ ನನಗ ತಲಿ ಹಿಡದು ಹೋತು. ಇವನ್ನ ಕೇಳಿದ್ರ, ಯಾವ ಗದ್ದಲ ಅಂತಾನ.”

ಹುಲಿಗೆವ್ವ ಗಂಡನ ತೋಳು ಹಿಡಿದಳು. “ಗಿರಣಿ ಸಪ್ಪಳ ನಿಮಗ ಎಂದೂ ಕೇಳೂದs ಇಲ್ಲೇನ್ರಿ?”

ಅಂದಾನಪ್ಪ ಯೋಚಿಸಿದ. “ಒಮ್ಮೆ ಕೇಳಿತ್ತು ನೋಡು. ಹ್ವಾದ ವರ್ಷ ಗಾಲಿ ಬದಲಿ ಮಾಡಿಸಿದ್ನೆಲ್ಲ, ಅವಾಗ ದನೀ ಒಂದೀಟು ಏರಿತು. ನಾಕ ದಿನ ತಲಿ ಚಿಟ್ಟು ಹಿಡದು ಹೋಗಿತ್ತು. ಆಮ್ಯಾಲ ಮತ್ತ ಇಲ್ಲ.”

ತಂಬೂರಿಯನ್ನು ನಿಲ್ಲಿಸಿ ಯಾಕೆ ಪ್ರಯೋಜನವಾಗಲಿಲ್ಲವೆಂದು ಹುಲಿಗೆವ್ವನಿಗೆ ಆಗ ತಿಳಿಯಿತು. ಹುಟ್ಟಿದಾಗಿನಿಂದೆಂಬಂತೆ ಕೇಳಿದ ಷಡ್ಜ ಅದು. ಕಂಬಳಿಯ ಮೇಲೆ ಮಲಗಿದರೂ ತಲೆಯೊಳಗೆ ಎದ್ದೇ ಇತ್ತು. ಆ ಸ್ವರದಲ್ಲಿ ನಕ್ಷತ್ರ ಸತ್ತು ಬಂದಾಗ, ಬಂದವರಾರೋ ಹೊಸಬರೆಂದು ಅವರಿಗೆ ಅನ್ನಿಸುತ್ತಿರಲಿಲ್ಲ. ಮನೆಯವರೇ ಒಳಗೆ ಬಂದಂತೆ ಸುಮ್ಮನಿರುತ್ತಿದ್ದರು. ಶ್ರುತಿ ಬೇಕು. ಆದರೆ ಆ ಶ್ರುತಿ ಅಲ್ಲಿರಬಾರದು. ಅರ್ಧ ಸ್ವರ ಏರಿಸಿದರೆ? ಹಳೆಯ ಷಡ್ಜ ಇದ್ದಲ್ಲೇ ಇದ್ದು ಹೊಸ ಶ್ರುತಿಗೆ ನಿಷಾದವಾಗುತ್ತದೆ. ನಿಷಾದವೆಂದರೆ ಮೇಲಿನ ಷಡ್ಜವನ್ನು ಮುಟ್ಟುವ ತನಕ ಸಮಾಧಾನವಿಲ್ಲದ ಸ್ವರ. ಹಾಡುವವರು ಯಾರೂ ಅದನ್ನು ಕೇಳಿ ಸುಮ್ಮನೆ ಕೂರಲಾರರು.

ಉಪಾಯ ಹೊಳೆದದ್ದೇನೋ ಸರಿ. ಅದನ್ನು ಅಜ್ಜನ ಮುಂದೆ ಆಡುವುದು ಹೇಗೆ? ನಿಲ್ಲಿಸಿ ಎಂದಾಗ ಅವರು ನಿಲ್ಲಿಸಿದರು. ಅದು ಮೌನ, ಮೌನಕ್ಕೆ ಗುರುದ್ರೋಹವಿಲ್ಲ. ಗುರುಗಳು ಕೂಡಿಸಿದ ಶ್ರುತಿಯನ್ನು ಬಿಚ್ಚಿ ಬೇರೆ ಕೂಡಿಸಿ ಎನ್ನುವುದು ಗದ್ದುಗೆಯ ಕಲ್ಲನ್ನು ಕೀಳಿ ಎಂದಂತೆ. ಅಜ್ಜ ಒಲ್ಲೆನೆಂದರೆ ಶಾಲೆಯಲ್ಲಿ ಬಿರಡೆ ಮುಟ್ಟುವ ಎದೆ ಯಾರಿಗೂ ಇಲ್ಲ, ಅವಳಿಗೂ ಇಲ್ಲ.

ಮರುದಿನ ಮುಂಜಾನೆ ಅಜ್ಜನ ಪೂಜೆ ಮುಗಿಯುವ ತನಕ ಕಾದು, ಪಾದ ಮುಟ್ಟಿ ಕೂತಳು. ಎಲ್ಲವನ್ನೂ ಹೇಳಿದಳು. ಶ್ರುತಿಯ ಮಾತೊಂದನ್ನು ಮಾತ್ರ ಆಡದೆ ಕಂಬಳಿಯ ಅಂಚು ಸರಿಪಡಿಸತೊಡಗಿದಳು.

ಅಜ್ಜ ವಿಭೂತಿಯ ಕೈಯನ್ನು ಒರೆಸಿಕೊಂಡರು. “ಏರಸಬೇಕೋ, ಇಳಸಬೇಕೋ?”

“ಅಜ್ಜಾರ...”

“ಏರಸಬೇಕೋ ಇಳಸಬೇಕೋ ಹೇಳು ತಂಗಿ. ನಿನ್ನ ಉಸಿರಿನ ಮ್ಯಾಲೇ ಗೊತ್ತಾಗತೈತಿ, ಅಷ್ಟರ ಮಟ್ಟಿಗೆ ಕಿವಿ ಅದಾವು ನನಗ.”

“ಅರ್ಧ ಸ್ವರ ಏರಸಬೇಕ್ರಿ. ಆದ್ರ ಅದು ಗುರುಗಳು ಕೂಡಿಸಿದ್ದು...”

ಅಜ್ಜ ಕೈಚಾಚಿ ಶಾಲಿನ ಮೇಲಿಂದಲೇ ತಂಬೂರಿಯನ್ನು ಸವರಿದರು. ಆಮೇಲೆ ಸಣ್ಣಗೆ ನಕ್ಕರು.

“ಗುರುಗಳು ಮೊದಲ ಯಾವ ಶ್ರುತಿಯಾಗ ಹಾಡ್ತಿದ್ರು ನಿನಗ ಗೊತ್ತಿಲ್ಲ. ನೀ ಇನ್ನೂ ಹುಟ್ಟಿದ್ದಿಲ್ಲ. ಹರೇದಾಗ ಅವರ ದನಿ ಗುಡ್ಡಕ್ಕ ಮುಟ್ಟತಿತ್ತು. ಮುಪ್ಪಾತು, ದಮ್ಮು ಹಿಡೀತು, ದನೀ ಏರವಲ್ದಾತು. ಚನ್ನಬಸು, ಒಂದೀಟು ಇಳಸಪಾ ಅಂದ್ರು. ನಾನs ಇಳಿಸಿದೆ, ಈ ಕೈಲೇ. ಆ ಮ್ಯಾಲೆ ಅವರು ಹೋದ್ರು. ನಾವು ಅಳಕೋತ ಅದನ್ನ ಹಂಗs ಹಿಡಕೊಂಡು ಕುಂತ್ವಿ. ಅದು ದೇವರ ಶ್ರುತಿ ಅಲ್ಲವ್ವಾ. ಮುದುಕರೊಬ್ರ ದಣದ ಗಂಟಲಿನ ಶ್ರುತಿ. ಪ್ರೀತಿಲೇ ಹಿಡಕೊಂಡ್ವಿ, ಅದನ್ನs ದೇವರು ಅಂತ ತಿಳಕೊಂಡ್ವಿ.”

ಶಾಲು ಸರಿಸಿ ತಂಬೂರಿಯನ್ನು ಎತ್ತಿ ತೊಡೆಗೆ ಆನಿಸಿಕೊಂಡರು. ಬಿರಡೆಗೆ ಕೈಹಾಕಿ, ಒಮ್ಮೆ ಹಣೆ ಮುಟ್ಟಿಸಿ, ತಿರುವಿದರು. ತಂತಿ ಮುಲುಗಿತು, ಏರಿತು, ನಿಂತಿತು. ಬಾಗಿಲ ಬಳಿ ಬಂದಿದ್ದ ಕೇಳುಗರೊಬ್ಬರು ಗಾಬರಿಯಿಂದ “ಯಾರು ಅದು?” ಎಂದರು, ಆ ಮನೆಯಲ್ಲಿ ಬೇರೊಂದು ಶ್ರುತಿಯನ್ನು ಅವರು ಕೇಳಿಯೇ ಇರಲಿಲ್ಲ.

“ನಾನs ಅದೇನಪಾ. ಬಾ, ಕುಂದ್ರು, ಕೂಡಿ ಹಾಡೂಣು. ಕಿವಿ ಈ ಮನಿಗೆ ಹೊಂದಲಿ.”

ಅಂದಿನಿಂದ ಕೆಲಸಕ್ಕೆ ಮುನ್ನ ಎಲ್ಲರೂ ಹೊಸ ಶ್ರುತಿಯಲ್ಲಿ ಪ್ರಾರ್ಥನೆ ಹಾಡತೊಡಗಿದರು. ಮೊದಲ ದಿನ ಗಂಟಲುಗಳು ಎಡವಿದವು, ಎರಡನೆಯ ದಿನ ನಗೆ ಬಂತು, ಆಮೇಲೆ ದನಿಗಳು ಗೂಡು ಹುಡುಕಿಕೊಂಡವು.

ಮಂಡಳಿಯ ಜಯತೀರ್ಥ ಕಟ್ಟಿಯವರು ಹೇಳಿದ ದಿನವೇ ಬಂದರು. ತೆಳ್ಳನೆಯ, ಶಿಸ್ತಿನ ಮನುಷ್ಯ. ನಾಟಿಯನ್ನು ತಾವೇ ಮಾಡಿ, ಮುದ್ರೆ ಹಾಕಿ, ಮೆಹರುನ್ನಿಸಾಗೂ ತೋರಿಸದೆ ಇಟ್ಟುಕೊಂಡಿದ್ದರು.

“ನೋಡ್ರಿ ಡಾಕ್ಟರ್, ನನಗ ಯಾರ ಮ್ಯಾಲೂ ಸಿಟ್ಟಿಲ್ಲ,” ಎಂದರು ಕುರ್ಚಿಯಲ್ಲಿ ಕೂರುತ್ತ. “ಆದ್ರ ಭಜನಿ ಮಾಡ್ಕೋತ ಖಗೋಳ ನಡಸೂದು ಅಂದ್ರ ಏನದು? ಆ ತಂಬೂರಿ ಕೇಳಿದ್ರ ನನಗs ಕಣ್ಣೆಳೀತಾವ.”

ಮೂಲೆಯಿಂದ ಅಜ್ಜ ಅಂದರು, “ಕಣ್ಣು ಮುಚ್ಚ್ರಿ ಸಾಹೇಬ್ರ. ಇಲ್ಲಿ ಎಲ್ಲಾರೂ ಹಂಗs ಕೆಲಸಾ ಮಾಡ್ತಾರ.”

ಶಾಲೆಯೆಲ್ಲ ನಕ್ಕಿತು. ಕಟ್ಟಿಯವರೂ ಮೀಸೆಯಡಿ ನಕ್ಕರು.

ಪಟ್ಟಿಗಳನ್ನು ಬಿಗಿದುಕೊಂಡರು. ಚಂದ್ರನಾಚೆಯಿಂದ ಗೆಲಾಕ್ಸಿಗಳು ಒಂದಾದ ಮೇಲೊಂದು ಬರತೊಡಗಿದವು. ತಂಬೂರಿ ತನ್ನ ಹೊಸ ನೆಲೆಯಲ್ಲಿ ಹರಿಯುತ್ತಿತ್ತು. ಮೆಹರುನ್ನಿಸಾರ ಕಣ್ಣು ಹುಲಿಗೆವ್ವನ ಮುಖವನ್ನು ಬಿಟ್ಟು ಕದಲಲಿಲ್ಲ.

ಆಗ ಹುಲಿಗೆವ್ವನ ಹುಬ್ಬು ಗಂಟಿಕ್ಕಿತು. ಒಂದು ಮೇಳದ ನಟ್ಟನಡುವೆ, ಎಲ್ಲ ದನಿಗಳ ತಳದಲ್ಲಿ, ಏನೋ ಒಂದು ತುಡಿಯುತ್ತಿತ್ತು. ಏರಬೇಕು ಏರಬೇಕು ಎನ್ನುತ್ತ ಏರಲಾರದೆ ನಿಂತಿತ್ತು. ನಿಷಾದ. ಇಷ್ಟು ದಿನ ತನ್ನ ಮನೆಯ ಸ್ವರವಾಗಿದ್ದುದು ಇಂದು ಪರದೇಶಿಯಂತೆ ಬಾಗಿಲಲ್ಲಿ ನಿಂತು ಕರೆಯುತ್ತಿತ್ತು. ಅವಳಿಗೆ ಅಳು ಬಂತು, ನಗೆಯೂ ಬಂತು. ಗುಂಡಿಯೊತ್ತಿದಳು.

“ಶರಣು.”

ಆಚೆ ಸಾಲಿನಿಂದ ಇನ್ನೊಂದು. “ಶರಣು.” ಕಿಟಕಿಯ ಬದಿಯಿಂದ ಮತ್ತೊಂದು. ಆ ಹಗಲೆಲ್ಲ ಶಾಲೆಯಲ್ಲಿ ಶರಣು ನಿಲ್ಲಲಿಲ್ಲ.

ಮುದ್ರೆ ಒಡೆದು ನೋಡಿದರು. ಆ ದೂರದಲ್ಲಿ ಕಟ್ಟಿಯವರು ನೆಟ್ಟವುಗಳಲ್ಲಿ ಕೈತಪ್ಪಿದ್ದು ಬೆರಳೆಣಿಕೆಯಷ್ಟು. ಆದರೂ ಅವರ ಮುಖ ಬಿಗಿದೇ ಇತ್ತು.

“ಇವರು ನಾ ನೆಟ್ಟದ್ದಕ್ಕಿಂತಾ ಭಾಳ ಹೆಚ್ಚು ಕೇಳ್ಯಾರಲ್ಲ? ಈ ಮೊದಲನೇದು ನಂದಲ್ಲ. ಇದೂ ನಂದಲ್ಲ. ಕೇಳಲಿ ಬಿಡಲಿ ಶರಣು ಅಂದುಬಿಟ್ಟ್ರ ಅದು ಪರೀಕ್ಷೆ ಆಗೂದಿಲ್ಲ.”

“ನಿಮ್ಮದಲ್ಲಂದ್ರ ಯಾರದಿರಬೇಕು, ನೋಡೂಣು ಬರ್ರಿ,” ಎಂದರು ಮೆಹರುನ್ನಿಸಾ. ದೂರದರ್ಶಕವನ್ನು ಆ ಗೆಲಾಕ್ಸಿಗಳ ಕಡೆಗೆ ಮತ್ತೆ ಮತ್ತೆ ತಿರುಗಿಸಿದರು. ವಾರಗಳು ಕಳೆದವು. ಆ ಸ್ವರಗಳು ಅಲ್ಲೇ ಇದ್ದವು, ಸಾಯುವ ನಕ್ಷತ್ರ ಹೇಗೆ ಕುಗ್ಗಬೇಕೋ ಹಾಗೆಯೇ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದವು. ಹುಸಿಯಾಗಿದ್ದರೆ ಕುಗ್ಗುವ ಹಂಗೇನಿತ್ತು? ಅವು ನೆಟ್ಟವಲ್ಲ. ಆಕಾಶ ತಾನೇ ಕಳಿಸಿದವು. ಹುಲಿಗೆವ್ವ ಅಂದು ಮೊದಲು ಕೇಳಿದ್ದು ನಿಜವಾದ ಸಾವು. ಭೂಮಿ ಇನ್ನೂ ಹುಟ್ಟದಿದ್ದಾಗ ಹೊರಟು, ಕೇಳುವವರನ್ನು ಹುಡುಕುತ್ತ ಬಂದ ಬೆಳಕು.

ಕೂಡಿಟ್ಟ ಹಳೆಯ ದನಿಗಳನ್ನೆಲ್ಲ ಹೊಸ ಶ್ರುತಿಯಲ್ಲಿ ಕೂತು ಮತ್ತೆ ಕೇಳಿದರು. ಯಾರೂ ಶರಣೆನ್ನದೆ ಬಿಟ್ಟಿದ್ದ ಸಾವುಗಳಿಗೆಲ್ಲ ಆಗ ಶರಣು ಸಂದಿತು. ಕಂದಕವಿದ್ದಲ್ಲಿ ಏರು ತುಂಬಿ ಬಂತು. ಮಂಡಳಿ ಶಾಲೆಯನ್ನು ಮುಚ್ಚುವ ಠರಾವನ್ನು ಕೈಬಿಟ್ಟಿತು. ಕಟ್ಟಿಯವರು ಆ ಸುದ್ದಿಯನ್ನು ಹೇಳಲು ತಾವೇ ಬಂದು, ಎಲ್ಲರ ನಡುವೆ ಕಂಬಳಿಯ ಮೇಲೆ ಕೂತರು.

ಮೆಹರುನ್ನಿಸಾ ಎದ್ದು ನಿಂತು ಎಣಿಕೆಯನ್ನು ಹೇಳಿದರು. ನಾವು ಒಂದು ಉಸಿರು ಎಳೆದು ಬಿಡುವುದರೊಳಗೆ, ಕಾಣುವ ಜಗತ್ತಿನಲ್ಲಿ ಎಲ್ಲೆಲ್ಲೋ ಹತ್ತಾರು ನಕ್ಷತ್ರಗಳು ಹೀಗೆ ಬೆಳಗಿ ಸಾಯುತ್ತವೆ. ಜಗತ್ತು ಹರೆಯದಲ್ಲಿದ್ದಾಗ ಈ ಸಾವು ಇಂದಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಸಾವಿಲ್ಲದ ಕಾಲವೆಂಬುದು ಎಂದೂ ಇರಲಿಲ್ಲ. ಹಾಗೆಯೇ, ಹಾಗೆ ಬೆಳಗದ ಕಾಲವೂ ಇರಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ತಮ್ಮ ತಮ್ಮ ಉಸಿರನ್ನು ಕೇಳುತ್ತಿದ್ದರು.

“ಅಂದ್ರ ಮುಗೀತಲ್ರಿ,” ಎಂದರು ಕಟ್ಟಿಯವರು ಮೆಲ್ಲಗೆ, ಮೇಲೇಳುತ್ತ. “ಇನ್ನ ಈ ಶ್ರುತಿ ಹಿಂಗs ಗಟ್ಟಿ ಮಾಡಿಬಿಡ್ರಿ.”

“ತಡೀರಿ ಸಾಹೇಬ್ರ,” ಮೂಲೆಯಿಂದ ಅಜ್ಜನ ದನಿ ಬಂತು. “ಈಗ ಕಿವಿ ಈ ಮನಿಗೆ ಹೊಂದಿ ಬಿಟ್ಟೈತಿ. ಅಂದಮ್ಯಾಲ ಈ ಸ್ವರದಾಗ ಸಾಯವರು ನಮಗ ಕೇಳೂದಿಲ್ಲ ಹೌದಿಲ್ಲೋ ತಂಗಿ?”

“ಹೌದ್ರಿ ಅಜ್ಜಾರ,” ಎಂದಳು ಹುಲಿಗೆವ್ವ.

“ಅವರೇನು ಪಾಪಾ ಮಾಡ್ಯಾರ?”

ಶ್ರುತಿ ಮತ್ತೆ ಬದಲಿಸಿರೆಂದು ಯಾರೂ ಹೇಳಿರಲಿಲ್ಲ. ಅಜ್ಜ ತಂಬೂರಿಯನ್ನು ತೊಡೆಯ ಮೇಲೆಳೆದುಕೊಂಡು, ಕಿವಿಯನ್ನು ತಂತಿಯ ಹತ್ತಿರ ಬಾಗಿಸಿ, ಬಿರಡೆಯನ್ನು ಇನ್ನೊಂದಿಷ್ಟು ತಿರುವಿದರು.